ಟ್ರಂಕಿನಲ್ಲಿ ಸಿಕ್ಕ ಚಂದಮಾಮ

ಪ್ರಶ್ನೆ: ಅಜ್ಜನ ಮನೆಯ ಹಂಚು ತೆಗೆಸುವಾಗ ಅಟ್ಟದ ಮೇಲಿನ ಟ್ರಂಕಿನಲ್ಲಿ 1950-60ರ ದಶಕದ ಸುಮಾರು 40 ಚಂದಮಾಮ ಮಕ್ಕಳ ಮಾಸಪತ್ರಿಕೆಗಳು ಸಿಕ್ಕವು. ಮುಖಪುಟದ ಬಣ್ಣ ಇನ್ನೂ ಚೆನ್ನಾಗಿದೆ. ಆದರೆ ಕೆಲವಕ್ಕೆ ಬೂಷ್ಟು ಹಿಡಿದಿದೆ, ಪಿನ್ನು ತುಕ್ಕಾಗಿದೆ. ಮುಖಪುಟ ಬಿಡಿಸಿ ಲ್ಯಾಮಿನೇಷನ್ ಮಾಡಿಸೋಣ, ಉಳಿದದ್ದು ಬೈಂಡ್ ಮಾಡಿಸೋಣ ಅಂತಾರೆ ನಮ್ಮ ಯಜಮಾನರು. ಮಾಡಬಹುದಾ?
- ಓದುಗರೊಬ್ಬರು, ಕುಮಟಾ

ಉತ್ತರ: ದಯವಿಟ್ಟು ಬೇಡ ಅಕ್ಕಾ. ಲ್ಯಾಮಿನೇಷನ್ ಒಮ್ಮೆ ಅಂಟಿದರೆ ಮುಗಿಯಿತು, ಚಿತ್ರ ಹಾಳಾಗದೆ ಅದನ್ನು ತೆಗೆಯಲು ಬರುವುದಿಲ್ಲ. ಸೆಲ್ಲೋಟೇಪೂ ಬೇಡ. ಹೈಸ್ಕೂಲಿನಲ್ಲಿದ್ದಾಗ ನಾನೊಂದು ಹರಿದ ಮುಖಪುಟಕ್ಕೆ ಟೇಪು ಹಚ್ಚಿದ್ದೆ, ಈಗ ಟೇಪು ಉದುರಿ ಚಿತ್ರದ ನಡುವೆ ಕಂದು ಪಟ್ಟಿ ಮಾತ್ರ ಉಳಿದಿದೆ, ನೋಡಿದಾಗೆಲ್ಲ ಸಂಕಟ ಆಗುತ್ತದೆ.

ಬೈಂಡಿಂಗ್ ಅಂತೂ ಬೇಡವೇ ಬೇಡ. ಹಿಂದೆ ಮನೆಗಳಲ್ಲಿ, ಲೈಬ್ರರಿಗಳಲ್ಲಿ ವರ್ಷದ ಸಂಚಿಕೆ ಸೇರಿಸಿ ಬೈಂಡ್ ಮಾಡಿಸುವಾಗ ಎಷ್ಟೋ ಸಲ ಮುಖಪುಟ ಕಿತ್ತು ಎಸೆಯುತ್ತಿದ್ದರು. ಕಥೆ ಉಳಿಯಿತು, ಚಿತ್ರ ಹೋಯಿತು. ಮುಖಪುಟ ಇರುವ ಸಂಚಿಕೆ ಅಪರೂಪ ಆಗಿರುವುದು ಅದಕ್ಕೇ. ಉಳಿಸಿಕೊಂಡರೂ ಬೈಂಡರ್ ಅಂಚು ಕತ್ತರಿಸುವಾಗ ಮೂಲೆಯಲ್ಲಿರುವ ಚಿತ್ರಕಾರರ ಸಹಿ ಹಾರಿಹೋಗುತ್ತದೆ. ಆ ಸಹಿಯೇ ಮುಖ್ಯ ಅಲ್ವಾ! ಮಹಾಭಾರತದ ಮುಖಪುಟಗಳಿದ್ದರೆ ಎಂ.ಟಿ.ವಿ. ಆಚಾರ್ಯ ಅವರದ್ದಾ ನೋಡಿ, ಅವರು ನಮ್ಮ ಕನ್ನಡದವರೇ. 'ವಪಾ' ಅಂತಿದ್ದರೆ ವಡ್ಡಾದಿ ಪಾಪಯ್ಯ. ಅದು ತೆಲುಗು ಅಕ್ಷರ, ಆದರೂ ನಮಗೆ ಓದಲು ಬರುತ್ತದೆ. ಚಂದಮಾಮ 1947ರಲ್ಲಿ ತೆಲುಗು, ತಮಿಳಿನಲ್ಲಿ ಶುರುವಾಗಿ 1949ರಲ್ಲಿ ಕನ್ನಡಕ್ಕೆ ಬಂತು. ಮಾತು ಬೇರೆ, ಚಿತ್ರ ಮಾತ್ರ ಎಲ್ಲರಿಗೂ ಅದೇ.

ಈಗ ಬೂಷ್ಟಿನ ವಿಷಯ. ನಮ್ಮ ಕಡೆ ಮಳೆಗಾಲದಲ್ಲಿ ಗೋಡೆಯೇ ಬೆವರುತ್ತದೆ, ಇನ್ನು ಕಾಗದದ ಪಾಡೇನು. ಹಾಗಂತ ಹಪ್ಪಳದ ಹಾಗೆ ಬಿಸಿಲಿಗೆ ಹಾಕಬೇಡಿ, ಬಣ್ಣ ಮಾಸಿಹೋಗುತ್ತದೆ. ಒಳಗೆ ಫ್ಯಾನಿನ ಗಾಳಿಗೆ ಎರಡು ಮೂರು ದಿನ ಬಿಡಿಸಿಡಿ. ಚೆನ್ನಾಗಿ ಒಣಗಿದ ಮೇಲೆ ಜಗಲಿಗೆ ತಂದು, ಮೂಗಿಗೆ ಮಾಸ್ಕ್ ಹಾಕಿಕೊಂಡು, ಮೆತ್ತನೆ ಬ್ರಷ್‌ನಲ್ಲಿ ಬೂಷ್ಟು ಒರೆಸಿ. ಒದ್ದೆ ಬಟ್ಟೆ ಬೇಡ. ತುಕ್ಕು ಪಿನ್ನನ್ನು ಹಿಂದಿನಿಂದ ನಿಧಾನ ಬಿಡಿಸಿ, ಅದೇ ತೂತಿನಲ್ಲಿ ಹತ್ತಿ ದಾರ ಹಾಕಿ ಹೊಲಿದರೆ ಸಾಕು. ಕಾಗದ ಅಂಟಿಕೊಂಡಿದ್ದರೆ ಎಳೆಯಬೇಡಿ, ಹಾಗೇ ಇರಲಿ.

ಇಡುವಾಗ ಒಂದೊಂದನ್ನೂ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ ಕವರಿಗೆ ಹಾಕಿ ಮಲಗಿಸಿಡಿ. ಪಿವಿಸಿ ಕವರ್ ಬೇಡ, ಅದು ಮುಖಪುಟದ ಶಾಯಿಗೆ ಅಂಟಿಕೊಳ್ಳುತ್ತದೆ. ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಚೀಲ ಇಟ್ಟು ಮಳೆಗಾಲದಲ್ಲಿ ಆಗಾಗ ಬದಲಾಯಿಸಿ. ಕಪಾಟು ಗೋಡೆಗೆ ತಾಗದಿರಲಿ, ಗೆದ್ದಲು ಹತ್ತುವುದು ಅಲ್ಲಿಂದಲೇ ಜಾಸ್ತಿ.

ಯಜಮಾನರಿಗೆ ಗೋಡೆಗೆ ಹಾಕಲು ಬೇಕಿದ್ದರೆ ಇಷ್ಟವಾದ ಮುಖಪುಟ ಸ್ಕ್ಯಾನ್ ಮಾಡಿಸಿ, ಕಲರ್ ಪ್ರಿಂಟ್ ತೆಗೆಸಿ ಅದಕ್ಕೆ ಫ್ರೇಮ್ ಹಾಕಿಸಿ ಕೊಡಿ.