ಮುಚ್ಚಿಟ್ಟರು ಅಂತ ಕಂಪನಿಯೇ ರುಜುವಾತು ಮಾಡಲಿ

ಹಾಸನ ಜಿಲ್ಲೆಯ ಓದುಗರೊಬ್ಬರ ಪತ್ರ ಹೀಗಿದೆ: ಜೀವವಿಮೆ ಮಾಡಿಸಿದ ಎರಡೂವರೆ ವರ್ಷಕ್ಕೆ ಯಜಮಾನರು ತೀರಿಕೊಂಡರು. ಅವರಿಗಿದ್ದ ಸಕ್ಕರೆ ಕಾಯಿಲೆ ಫಾರಂನಲ್ಲಿ ಇರಲಿಲ್ಲ. ‘ಸಪ್ರೆಷನ್ ಆಫ್ ಮೆಟೀರಿಯಲ್ ಫ್ಯಾಕ್ಟ್’ ಅಂತ ಬರೆದು ಕಂಪನಿ ಕ್ಲೇಮ್ ತಳ್ಳಿಹಾಕಿದೆ. ನಮ್ಮ ಯಜಮಾನರು ಮೋಸಗಾರರು ಅಂತ ಇದರ ಅರ್ಥವೇ?

ಸಂಪಾದಕರ ಉತ್ತರ:

ಅಲ್ಲಮ್ಮ, ಖಂಡಿತ ಅಲ್ಲ. ಪಾಲಿಸಿ ಕೊಡಬೇಕೋ ಬೇಡವೋ ಅಂತ ತೀರ್ಮಾನಿಸಲು ಕಂಪನಿಗೆ ಬೇಕಿದ್ದ ವಿಷಯವನ್ನು ಹೇಳದೆ ಬಿಟ್ಟರು ಅನ್ನುವುದು ಆ ಮಾತಿನ ಅರ್ಥ. ಬೇಕಂತಲೇ ವಂಚಿಸಿದ್ದರೆ ಅದು ‘ಫ್ರಾಡ್’. 1938ರ ವಿಮಾ ಕಾಯ್ದೆಯ 45ನೇ ಸೆಕ್ಷನ್ ಇವೆರಡನ್ನೂ ಬೇರೆ ಬೇರೆ ಇಟ್ಟಿದೆ. ಫ್ರಾಡ್ ಅಂತ ಹೇಳದೆ ಬರೀ ಸಪ್ರೆಷನ್ ಅಂದಿದ್ದರೆ, ಕಟ್ಟಿದ ಪ್ರೀಮಿಯಂ ಅಷ್ಟನ್ನೂ 90 ದಿನದೊಳಗೆ ವಾಪಸ್ ಕೊಡಬೇಕು. ಅದು ಬಂತಾ? ನೀವು ಬರೆದಿಲ್ಲ.

ಬಂದರೂ ಅಷ್ಟಕ್ಕೇ ಸುಮ್ಮನಾಗಬೇಡಿ. ಈ ಕಾಯಿಲೆ ಗೊತ್ತಿದ್ದಿದ್ದರೆ ಪಾಲಿಸಿಯನ್ನೇ ಕೊಡುತ್ತಿರಲಿಲ್ಲ ಅಂತ ತೋರಿಸಿಕೊಡುವ ಹೊಣೆ ಕಂಪನಿಯದು, ನಿಮ್ಮದಲ್ಲ. ಶುಗರ್ ಇರುವವರಿಗೆ ಸ್ವಲ್ಪ ಜಾಸ್ತಿ ಪ್ರೀಮಿಯಂ ಹಾಕಿ ಪಾಲಿಸಿ ಕೊಡುವುದು ಎಲ್ಲ ಕಡೆ ನಡೆಯುತ್ತದೆ, ಅಲ್ವಾ? ಯಾವ ಕಾರಣಕ್ಕೆ, ಯಾವ ದಾಖಲೆ ನೋಡಿ ತಿರಸ್ಕರಿಸಿದರು ಅನ್ನುವುದನ್ನೂ ಅವರು ಬರೆದೇ ತಿಳಿಸಬೇಕು. ಗೆದ್ದೇ ಗೆಲ್ಲುತ್ತೀರಿ ಅಂತ ನಾನು ಹೇಳಲಾರೆ. ಪಾಲಿಸಿಗೆ ಮೊದಲೇ ಆಸ್ಪತ್ರೆಗೆ ಸೇರಿದ್ದ ಕಾಗದವಿದ್ದರೆ ಕೇಸು ಕಷ್ಟವಾಗುತ್ತದೆ.

ನಿಮ್ಮ ಪತ್ರದಲ್ಲಿ ನನ್ನನ್ನು ಕಾಡಿದ್ದು ಏಜೆಂಟನ ಮಾತು. ‘ಸಣ್ಣ ಶುಗರ್ ತಾನೆ, ಬರೆಯೋದು ಬೇಡ ಸಾರ್, ಸುಮ್ನೆ ಮೆಡಿಕಲ್ ಟೆಸ್ಟ್ ಅಂತಾರೆ’ ಅಂದನಂತೆ. ಇಂಗ್ಲಿಷ್ ಫಾರಂ ತಾನೇ ತುಂಬಿ ಕೆಳಗೆ ಸಹಿ ಹಾಕಿಸಿಕೊಂಡನಂತೆ. ಹಾಗೆ ಪಾಲಿಸಿ ಮಾಡಿಸಲು ಬಂದವನು ಕಂಪನಿಯ ಏಜೆಂಟ್ ಅಂತಲೇ ಲೆಕ್ಕ, ಅದೇ ಸೆಕ್ಷನ್ ಹೇಳುತ್ತದೆ. ಆ ಪ್ರಪೋಸಲ್ ಫಾರಂನ ಜೆರಾಕ್ಸ್ ಕೇಳಿ ತರಿಸಿಕೊಳ್ಳಿ. ಅಕ್ಷರ ಯಾರದು? ಕನ್ನಡದಲ್ಲಿ ಓದಿ ತಿಳಿಸಿದ್ದೇನೆ ಅಂತ ಕೊನೆಯಲ್ಲಿ ಯಾರಾದರೂ ಸಹಿ ಹಾಕಿದ್ದಾರಾ? ಅದನ್ನೇ ಮೊದಲು ನೋಡಿ.

ಪಾಲಿಸಿಗೆ ಮೂರು ವರ್ಷ ತುಂಬಿದ್ದರೆ ಕಂಪನಿ ಈ ಪ್ರಶ್ನೆ ಎತ್ತುವಂತೆಯೇ ಇರಲಿಲ್ಲ. (ಉಳಿದ ಓದುಗರೂ ಗಮನಿಸಿ: ನಿಂತುಹೋದ ಪಾಲಿಸಿಯನ್ನು ಮತ್ತೆ ಚಾಲೂ ಮಾಡಿಸಿದರೆ ಈ ಮೂರು ವರ್ಷ ಹೊಸದಾಗಿ ಶುರುವಾಗುತ್ತದೆ.)

ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. ತಿಂಗಳಾದರೂ ಉತ್ತರ ಬರದಿದ್ದರೆ, ಬಂದ ಉತ್ತರ ಸರಿ ಕಾಣದಿದ್ದರೆ, ಬೆಂಗಳೂರಿನ ಜೆ.ಪಿ. ನಗರದಲ್ಲಿರುವ, ವಿಮೆಯ ದೂರುಗಳನ್ನು ವಿಚಾರಿಸುವ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ದೂರು ಕೊಡಿ. ಫೀಸು ಇಲ್ಲ, ವಕೀಲರು ಬೇಕಿಲ್ಲ, 50 ಲಕ್ಷದವರೆಗಿನ ಕ್ಲೇಮ್ ನೋಡುತ್ತಾರೆ. ಆದರೆ ಕಂಪನಿ ನಿಮ್ಮ ದೂರನ್ನು ತಿರಸ್ಕರಿಸಿದ ಒಂದು ವರ್ಷದೊಳಗೆ ಹೋಗಬೇಕು. ಏಜೆಂಟ್ ಆಡಿದ ಮಾತನ್ನು ನನಗೆ ಬರೆದ ಹಾಗೆಯೇ ದೂರಿನಲ್ಲೂ ಬರೆಯಿರಿ.

– ಸಂ.