ತಾರಸಿ ಕುಂಡದಲ್ಲಿ ಒಳ್ಳೆ ಖಾರದ ಮೆಣಸಿನಕಾಯಿ ಬೆಳೆಯುವುದು ಹೇಗೆ?

ಅಡುಗೆಮನೆಯಲ್ಲಿದ್ದ ಬ್ಯಾಡಗಿ ಮೆಣಸಿನ ಬೀಜ ಹಾಕಿದ್ದೀರಿ, ಗಿಡ ಚೆನ್ನಾಗಿ ಬಂದಿದೆ, ಆದರೆ ಕಾಯಿಯಲ್ಲಿ ಖಾರವೇ ಇಲ್ಲ, ಈಗ ಎಲೆ ಬೇರೆ ಮುದುಡುತ್ತಿದೆ ಅಂದಿದ್ದೀರಿ. ಇದನ್ನು ಕಿತ್ತು ಭೂತ್ ಜೊಲೋಕಿಯಾ ಹಾಕಲಾ ಅನ್ನುವುದು ನಿಮ್ಮ ಪ್ರಶ್ನೆ.

ಖಾರ ಇಲ್ಲದಿರುವುದಕ್ಕೆ ನಿಮ್ಮ ಆರೈಕೆ ಕಾರಣವಲ್ಲ. ಬ್ಯಾಡಗಿಗೆ ಹೆಸರು ಬಂದಿರುವುದೇ ಬಣ್ಣಕ್ಕೆ. ಎಷ್ಟು ಗೊಬ್ಬರ ಹಾಕಿದರೂ ಅದು ಗುಂಟೂರು ಮೆಣಸಿನಕಾಯಿ ಆಗುವುದಿಲ್ಲ. ಖಾರ ಮೊದಲು ಬರುವುದು ತಳಿಯಿಂದ, ಆಮೇಲೆ ಬಿಸಿಲು, ನೀರಿನಿಂದ.

ಭೂತ್ ಜೊಲೋಕಿಯಾ ಅಸ್ಸಾಂ, ನಾಗಾಲ್ಯಾಂಡ್, ಮಣಿಪುರದ ಕಡೆಯದು. 2007ರಲ್ಲಿ ಗಿನ್ನೆಸ್‌ನವರು ಜಗತ್ತಿನ ಅತಿ ಖಾರದ ಮೆಣಸು ಅಂತ ಗುರುತಿಸಿದ್ದರು. ಖಾರ ಅಳೆಯುವ ಸ್ಕೋವಿಲ್ ಲೆಕ್ಕದಲ್ಲಿ 10 ಲಕ್ಷಕ್ಕೂ ಜಾಸ್ತಿ. ಬೆಳೆಯಬಹುದು, ಆದರೆ ಬೀಜ ಮೊಳೆಯುವುದೂ ನಿಧಾನ, ಕಾಯಿ ಹಣ್ಣಾಗುವುದೂ ನಿಧಾನ. ಬಂದ ಮೇಲೂ ದಿನದ ಸಾರು ಪಲ್ಯಕ್ಕೆ ಹಾಕಲು ಧೈರ್ಯ ಬರುವುದಿಲ್ಲ. ನನ್ನನ್ನು ಕೇಳಿದರೆ ಸೂಜಿಮೆಣಸು ಹಾಕಿ. ಜೀರಿಗೆ ಮೆಣಸು, ಗಾಂಧಾರಿ ಮೆಣಸು ಅಂತಲೂ ಕರೆಯುತ್ತಾರೆ. ಕರಾವಳಿ, ಮಲೆನಾಡಿನ ಹಿತ್ತಲುಗಳಲ್ಲಿ ಯಾರೂ ನೆಡದೆಯೇ ಏಳುವ ಗಿಡ ಇದು. ಪಿಕಳಾರದಂಥ ಹಕ್ಕಿಗಳಿಗೆ ಖಾರ ಗೊತ್ತಾಗುವುದೇ ಇಲ್ಲ. ಹಣ್ಣು ತಿಂದು, ಹಿಕ್ಕೆ ಹಾಕಿದಲ್ಲೆಲ್ಲ ಬೀಜ ಬಿತ್ತಿ ಹೋಗುತ್ತವೆ. ಕಾಯಿ ಆಕಾಶಕ್ಕೆ ಮುಖ ಮಾಡಿ ನಿಲ್ಲುತ್ತದೆ. ಹಣ್ಣಾದ ಮೇಲೆ ಮುಟ್ಟಿದರೆ ಸಾಕು, ತೊಟ್ಟು ಗಿಡದಲ್ಲೇ ಉಳಿದು ಕಾಯಿ ಕೈಗೆ ಬರುತ್ತದೆ. ಒಂದು ಸಲ ಬೇರು ಬಿಟ್ಟರೆ ಕೆಲವು ವರ್ಷ ಇರುತ್ತದೆ. ಊರಿಂದ ಬರುವವರ ಹತ್ತಿರ ನಾಲ್ಕು ಕೆಂಪು ಹಣ್ಣು ತರಿಸಿಕೊಳ್ಳಿ, ಅಷ್ಟೇ ಸಾಕು.

ಬೀಜವನ್ನು ರಾತ್ರಿಯಿಡೀ ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ ಬಿತ್ತಿ. ಮೊಳಕೆಗೆ ಎರಡರಿಂದ ನಾಲ್ಕು ವಾರ ಹಿಡಿಯಬಹುದು, ಬರಲಿಲ್ಲ ಅಂತ ಮಣ್ಣು ಕೆದಕಬೇಡಿ. ಸಸಿ ಗೇಣುದ್ದ ಆದಾಗ 12 ಇಂಚಿನ ಕುಂಡಕ್ಕೆ ಹಾಕಿ. ಕೆಂಪುಮಣ್ಣು, ಹಳೆ ಕೊಟ್ಟಿಗೆ ಗೊಬ್ಬರ, ಸ್ವಲ್ಪ ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಒಂದು ಹಿಡಿ ಬೇವಿನ ಹಿಂಡಿ. ಯೂರಿಯಾ ಬೇಡವೇ ಬೇಡ, ಬರೀ ಎಲೆ ಬರುತ್ತದೆ. ಮೇಲ್ಮಣ್ಣು ಒಣಗಿದ ಮೇಲೆ ನೀರು. ಕಾಯಿ ಕಚ್ಚಿದ ಮೇಲೆ ನೀರು ಸ್ವಲ್ಪ ಬಿಗಿ ಮಾಡಿದರೆ ಖಾರ ಏರುತ್ತದೆ. ಆದರೆ ಗಿಡ ಬಾಡುವಷ್ಟು ಬಿಗಿ ಬೇಡ, ಹೂವೆಲ್ಲ ಉದುರುತ್ತದೆ. ಏಪ್ರಿಲ್ ಬಿಸಿಲಿಗೂ ಹೂ ಉದುರುವುದುಂಟು, ಮಧ್ಯಾಹ್ನ ಒಂದಿಷ್ಟು ನೆರಳು ಕೊಡಿ.

ಈಗ ನಿಮ್ಮ ಮುದುಡಿದ ಎಲೆ. ಔಷಧಿ ತರುವ ಮೊದಲು ಅದು ಯಾವ ಕಡೆ ಮುದುಡಿದೆ ನೋಡಿ. ಅಂಚು ಮೇಲಕ್ಕೆ ಎದ್ದು ಎಲೆ ದೋಣಿಯ ಹಾಗೆ ಆಗಿದ್ದರೆ ಥ್ರಿಪ್ಸ್, ಅಂದರೆ ಎಲೆಯ ರಸ ಹೀರುವ ಸಣ್ಣ ಹುಳು. ಕೆಳಕ್ಕೆ ಮಡಚಿ, ತೊಟ್ಟು ಉದ್ದವಾಗಿದ್ದರೆ ನುಸಿ, ಅದು ಲೆನ್ಸ್ ಇಲ್ಲದೆ ಕಾಣುವುದಿಲ್ಲ. ಬಿಳಿ ಹಾಳೆಯನ್ನು ಕುಡಿಯ ಕೆಳಗೆ ಹಿಡಿದು ಬೆರಳಿಂದ ಎರಡು ಸಲ ತಟ್ಟಿ. ರವೆಗಿಂತ ಸಣ್ಣ, ಉದ್ದನೆಯ ಗೆರೆಗಳು ಬೀಳುತ್ತವೆ. ಒಂದು ಗಳಿಗೆ ಸುಮ್ನೆ ಬಿದ್ದಿದ್ದು, ಆಮೇಲೆ ಹರಿದಾಡಲು ಶುರು ಮಾಡಿದರೆ ಅದೇ ಥ್ರಿಪ್ಸ್.

ಥ್ರಿಪ್ಸ್‌ಗೆ ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ಬೆರೆಯಲು ಸ್ವಲ್ಪ ಸೋಪಿನ ನೀರು. ಸಂಜೆ ಹೊತ್ತು, ಎಲೆಯ ಅಡಿಭಾಗಕ್ಕೆ ತಾಗುವ ಹಾಗೆ, ವಾರಕ್ಕೊಮ್ಮೆ. ನುಸಿಗೆ ನೀರಲ್ಲಿ ಕರಗುವ ಗಂಧಕದ ಪುಡಿ, ಲೀಟರಿಗೆ 2 ಗ್ರಾಂ. ಎರಡನ್ನೂ ಬೆರೆಸಬೇಡಿ, ನಡುವೆ ಎರಡು ವಾರವಾದರೂ ಬಿಡಿ, ಇಲ್ಲದಿದ್ದರೆ ಎಲೆ ಸುಡುತ್ತದೆ. ಹಳೆ ಎಲೆ ಸರಿಹೋಗುವುದಿಲ್ಲ, ಹೊಸ ಚಿಗುರು ನೋಡಿ ಗುಣ ಹೇಳಬೇಕು.

ಇನ್ನೊಂದು, ಸೂಜಿಮೆಣಸು ಬಿಡಿಸುವಾಗ ಕೈಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳಿ. ಖಾರ ನೀರಲ್ಲಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ. ಆಮೇಲೆ ಸೋಪು ಹಾಕಿ ತೊಳೆಯಿರಿ. ಮಕ್ಕಳಿರುವ ಮನೆಯಾದರೆ ಕುಂಡ ಎತ್ತರದಲ್ಲಿಡಿ, ಆ ಪುಟ್ಟ ಕೆಂಪು ಹಣ್ಣು ಅವರನ್ನು ಕರೆಯುತ್ತದೆ.

ಬ್ಯಾಡಗಿ ಗಿಡ ಕೀಳುವುದು ಒಂದೇ ಒಂದು ಸಂದರ್ಭದಲ್ಲಿ. ಎಲೆ ಚಿಕ್ಕದಾಗಿ, ಹಳದಿ ತಿರುಗಿ, ಗಿಡ ಗುಜ್ಜಾಗಿ ನಿಂತು, ಬಿಳಿನೊಣ ಹಾರಾಡುತ್ತಿದ್ದರೆ ಅದು ವೈರಸ್. ಅದಕ್ಕೆ ಔಷಧಿ ಇಲ್ಲ, ಕಿತ್ತು ಚೀಲಕ್ಕೆ ಕಟ್ಟಿ ಎಸೆಯಿರಿ. ಇಲ್ಲದಿದ್ದರೆ ಇರಲಿ ಬಿಡಿ. ಕಾಯಿ ಕೆಂಪಾಗಿ ಸುಕ್ಕುಗಟ್ಟುವವರೆಗೂ ಗಿಡದಲ್ಲೇ ಬಿಟ್ಟು ಒಣಗಿಸಿ, ಸಾರಿನ ಪುಡಿಗೆ ಅಂಥ ಬಣ್ಣ ಸೂಜಿಮೆಣಸು ಕೊಡುವುದಿಲ್ಲ. ಹೊಸ ಸಸಿಗಳನ್ನು ಮಾತ್ರ, ಈ ಗಿಡದ ಚಿಗುರು ನೆಟ್ಟಗಾಗುವ ತನಕ, ತಾರಸಿಯ ಇನ್ನೊಂದು ಮೂಲೆಯಲ್ಲಿ ಇಡಿ.