ಲಿಂಕನ್ ಕೋರ್ಟಿಗೆ ತಂದ ಪಂಚಾಂಗ ತಿದ್ದಿದ್ದೇ?

ಅಲ್ಲ. ಮುಂದೆ ಅಮೆರಿಕದ ಅಧ್ಯಕ್ಷರಾದ ಅಬ್ರಹಾಂ ಲಿಂಕನ್ ವಕೀಲರಾಗಿದ್ದಾಗ ಪಂಚಾಂಗ ತಿದ್ದಿ, ಕೊಲೆ ಆರೋಪಿ ಡಫ್ ಆರ್ಮ್‌ಸ್ಟ್ರಾಂಗ್‌ನನ್ನು ಬಿಡಿಸಿಕೊಂಡರೇ ಎಂದು ಕೇಳಿದ್ದೀರಿ. ಆ ಪುಕಾರು ಹಳೆಯದು, ಆದರೆ ಸುಳ್ಳು. ಕೊಲೆಯಾದದ್ದು 1857ರ ಆಗಸ್ಟ್ 29ರ ರಾತ್ರಿ; ವಿಚಾರಣೆ 1858ರ ಮೇನಲ್ಲಿ, ಇಲಿನಾಯ್‌ನ ಬಿಯರ್ಡ್ಸ್‌ಟೌನ್‌ನಲ್ಲಿ.

ಸುಮಾರು 150 ಅಡಿ ದೂರದಿಂದ, ಹನ್ನೊಂದು ಗಂಟೆ ಹೊತ್ತಿಗೆ, ಬೆಳದಿಂಗಳಲ್ಲಿ ಹೊಡೆದದ್ದನ್ನು ಕಂಡೆ ಎಂದ ಸಾಕ್ಷಿ ಚಾರ್ಲ್ಸ್ ಅಲೆನ್. ಚಂದ್ರ ಚೆನ್ನಾಗಿ ಮೇಲಿದ್ದ ಎಂದು ಅವನ ಬಾಯಿಂದಲೇ ಮತ್ತೆ ಮತ್ತೆ ಹೇಳಿಸಿದರು ಲಿಂಕನ್. ಇನ್ನು ಮಾತು ಬದಲಿಸಲಾಗದು ಎಂದಾದ ಮೇಲೆ ಪಂಚಾಂಗ ತೆಗೆದು, ಆ ಹೊತ್ತಿಗೆ ಚಂದ್ರ ಮುಳುಗುವುದರಲ್ಲಿದ್ದ ಎಂದು ತೋರಿಸಿದರು. ಪಾಟೀ ಸವಾಲು ಕಲಿಯುವವರು ಗಮನಿಸಬೇಕಾದದ್ದು ಈ ಕ್ರಮವನ್ನೇ. ಪಂಚಾಂಗ ಮೊದಲೇ ತೋರಿಸಿದ್ದರೆ ಸಾಕ್ಷಿ ನುಣುಚಿಕೊಳ್ಳುತ್ತಿದ್ದ.

ಅಂದು ಚಂದ್ರನೇ ಇರಲಿಲ್ಲ ಎಂದು ಹಲವರು ಬರೆಯುತ್ತಾರೆ, ಅದು ತಪ್ಪು. ಚಂದ್ರನಿದ್ದ, ಆದರೆ ಮುಳುಗುವುದರಲ್ಲಿದ್ದ. ಈಗಿನ ಖಗೋಳ ಲೆಕ್ಕವೂ ಮಧ್ಯರಾತ್ರಿಯ ಆಸುಪಾಸಿಗೇ ಚಂದ್ರಾಸ್ತ ತೋರಿಸುತ್ತದೆ.